ಗಿಡದಂತೆ ನಿಲ್ಲುವ ಪಾಠ

ಆ ರವಿವಾರ ನನ್ನ ಬೆನ್ನು ಹತ್ತಿದ ನಾಯಿಗಳು ಎಷ್ಟಿದ್ದವು ಎಂದು ದಯವಿಟ್ಟು ಕೇಳಬೇಡಿ. ನನಗೆ ಗೊತ್ತಿಲ್ಲ. ನನ್ನ ನೆನಪಿನಲ್ಲಿ ಒಂದು ಹಿಂಡೇ ಇದೆ. ಅದರಲ್ಲಿ ಕರಿಯದೊಂದು ಬಹಳ ದೊಡ್ಡದು, ಅದಕ್ಕೆ ಗಂಟೆ ಬೇರೆ ಕಟ್ಟಿದ್ದರು. ಹೆಂಡತಿಯನ್ನು ಕೇಳಿದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಾಳೆ. ಮಗಳನ್ನು ಕೇಳಿದರೆ, "ಆಗಿದ್ದ ಆಗಿ ಹೋತು, ಬಿಡ ಅಪ್ಪಾ" ಎಂದು ಹಿರಿಯರಂತೆ ಸಮಾಧಾನ ಹೇಳುತ್ತಾಳೆ.

ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನಮ್ಮ ಮದುವೆಯ ದಿನ ಜೋರು ಮಳೆ ಬಂದು ಚಪ್ಪರ ಸೋರಿತ್ತೆಂದು ಎಷ್ಟೋ ವರ್ಷ ಎಲ್ಲರಿಗೂ ವರ್ಣಿಸಿ ಹೇಳುತ್ತಿದ್ದೆ. ಒಮ್ಮೆ ಆಲ್ಬಮ್ ತೆಗೆದು ನೋಡಿದರೆ ಪ್ರತಿ ಫೋಟೋದಲ್ಲೂ ಬಿಸಿಲು! ಬೀಗರೆಲ್ಲ ಕಣ್ಣು ಕಿರಿದು ಮಾಡಿ ನಿಂತಿದ್ದಾರೆ. ಸೋರಿದ್ದು ಚಪ್ಪರವಲ್ಲ, ನಾನೇ. ಬೆವರು. ಅಂದಿನಿಂದ ನನಗೆ ಏನಾದರೂ ಸ್ಪಷ್ಟವಾಗಿ ನೆನಪಿದ್ದರೆ ಮೊದಲು ಅನುಮಾನ ಬರುತ್ತದೆ. ಆದ್ದರಿಂದ ಮುಂದಿನದನ್ನು ಓದುವಾಗ ನೀವೂ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ಅನುಮಾನವಿಲ್ಲದ ಭಾಗದಿಂದಲೇ ಶುರು ಮಾಡುತ್ತೇನೆ. ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಗೋಕಾಕದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಮನೆ ನಾಗನೂರಿನಲ್ಲಿ. ಪ್ರಾಣಿಗಳ ಬಗ್ಗೆ ಊರಿನಲ್ಲಿ ಯಾರಿಗೆ ಏನೇ ಸಂದೇಹ ಬಂದರೂ ನನ್ನ ಹತ್ತಿರ ಬರುತ್ತಾರೆ. ಎಮ್ಮೆ ಯಾಕೆ ಹಾಲು ಕೊಡುತ್ತಿಲ್ಲ, ಕೋಳಿ ಯಾಕೆ ತತ್ತಿಯ ಮೇಲೆ ಕೂಡುತ್ತಿಲ್ಲ ಎಂದು ಕೇಳುತ್ತಾರೆ. ನಾನು ಕಲಿತದ್ದು ಕಪ್ಪೆ, ಜಿರಳೆ ಮತ್ತು ಎರೆಹುಳು ಎಂದು ಯಾರಿಗೂ ಹೇಳಿಲ್ಲ. ಅವೂ ಸತ್ತಂಥವು.

ನಮ್ಮ ಓಣಿಯಿಂದ ಸಾಲಿಗೆ, ಅಂದರೆ ಶಾಲೆಗೆ, ಹೋಗುವ ಹತ್ತಿರದ ದಾರಿಯಲ್ಲಿ ಈರಪ್ಪನವರ ಹಿಟ್ಟಿನ ಗಿರಣಿ ಇದೆ. ಗಿರಣಿಯ ಹಿಂದೆ ಕೆಂಪಿ ಎಂಬ ನಾಯಿ ಮರಿ ಹಾಕಿತ್ತು. ಮರಿ ಹಾಕುವ ಮುಂಚೆ ಕೆಂಪಿ ಎಷ್ಟು ಪಾಪದ ನಾಯಿ ಎಂದರೆ, ಹುಡುಗರು ಅದರ ಬೆನ್ನ ಮೇಲೆ ಪಾಟಿಚೀಲ ಇಟ್ಟು ಗೋಲಿ ಆಡುತ್ತಿದ್ದರು. ಮರಿ ಹಾಕಿದ ಮೇಲೆ ಅದಕ್ಕೆ ಇಡೀ ಜಗತ್ತೇ ಕಳ್ಳರ ಗುಂಪಾಗಿ ಕಾಣತೊಡಗಿತು. ಒಂದು ಬೆಳಿಗ್ಗೆ ಅದು ನನ್ನ ಮಗಳು ಗೌರಿಯನ್ನು ಬೆನ್ನಟ್ಟಿತು. ಕಚ್ಚಲಿಲ್ಲ. ಆದರೆ ಗೌರಿ ಓಡಿ, ಬಿದ್ದು, ಮೊಣಕಾಲು ತರಚಿಕೊಂಡು ಮನೆಗೆ ಬಂದಳು. ಮರುದಿನದಿಂದ ಗಿರಣಿಯ ದಾರಿ ಬಿಟ್ಟು ದೊಡ್ಡ ರಸ್ತೆ ಹಿಡಿದು ಸಾಲಿಗೆ ಹೋಗತೊಡಗಿದಳು.

ದೊಡ್ಡ ರಸ್ತೆಯಲ್ಲಿ ನಾಯಿ ಇಲ್ಲ, ನಿಜ. ಆದರೆ ಕಬ್ಬಿನ ಹಂಗಾಮು. ಒಂದಕ್ಕೆ ಎರಡು ಟ್ರೇಲರ್ ಸಿಕ್ಕಿಸಿಕೊಂಡು, ಡಬ್ಬಿಯಲ್ಲಿ ಹಾಡು ಒದರಿಸುತ್ತ ಟ್ರ್ಯಾಕ್ಟರುಗಳು ಹೋಗುವ ರಸ್ತೆ ಅದು. ನಾನು ಬೆಳಿಗ್ಗೆ ಬೇಗ ಬಸ್ ಹಿಡಿಯುತ್ತೇನೆ. ನನ್ನ ಹೆಂಡತಿ ಸುವರ್ಣಾ ದವಾಖಾನೆಯಲ್ಲಿ ನರ್ಸ್, ಅವಳ ಡ್ಯೂಟಿಯೂ ಅದೇ ಹೊತ್ತಿಗೆ. ಮಗುವನ್ನು ಬಿಟ್ಟು ಬರುವವರು ಯಾರೂ ಇಲ್ಲ.

"ನೋಡ್ರಿ, ನಾಯಿ ಕಡದ್ರ ಇಂಜೆಕ್ಷನ್ ನಾನ ಕೊಡ್ತೇನಿ. ಟ್ರ್ಯಾಕ್ಟರಿಗೆ ಇಂಜೆಕ್ಷನ್ ಇಲ್ಲ" ಎಂದಳು ಸುವರ್ಣಾ. "ಬರೂ ಸೋಮವಾರ ಕೂಸು ಗಿರಣಿ ದಾರೀಲೆ ತಾನ ಸಾಲಿಗೆ ಹೋಗಬೇಕು. ಇಲ್ಲಂದ್ರ ಬೆಲ್ಲದ ಬಾಗೇವಾಡಿಗೆ ಕಳಸ್ತೇನಿ. ಅವ್ವನ ಮನಿ ಬಾಜೂಕ ಸಾಲಿ ಐತಿ."

ಗೌರಿ ಒಳಗಿನ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳ ಗೆಳತಿಯರೆಲ್ಲ ಇಲ್ಲಿ. ಅವಳು ಸಾಕಿದ ಆಡಿನ ಮರಿ ಇಲ್ಲಿ. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕಡೆ ನೋಡಿದಳು.

ಮಗಳು ಹಾಗೆ ನೋಡಿದರೆ ಯಾವ ತಂದೆ ಸುಮ್ಮನಿರುತ್ತಾನೆ? ನಾನು ಎದ್ದು ನಿಂತೆ. "ಭಯಕ್ಕೆ ಮೂಲ ಅಜ್ಞಾನ. ನಾಯಿಯ ವರ್ತನೆಯನ್ನು ತಿಳಿದುಕೊಂಡರೆ ಭಯ ತಾನಾಗಿ ಹೋಗುತ್ತದೆ. ಈ ವಾರ ನಾನು ಗೌರಿಗೆ ವೈಜ್ಞಾನಿಕ ತರಬೇತಿ ಕೊಡುತ್ತೇನೆ!" ಎಂದು ಪುಸ್ತಕದ ಭಾಷೆಯಲ್ಲೇ ಘೋಷಿಸಿದೆ.

"ಅವ್ವ ನೀಲಿ ನೀರಿನ ಬಾಟ್ಲಿ ಕಟ್ಟಂದಾಳ" ಎಂದಳು ಸುವರ್ಣಾ.

ನಮ್ಮ ಕಡೆ ಇದೊಂದು ನಂಬಿಕೆ ಇದೆ. ಬಾಟ್ಲಿಯಲ್ಲಿ ನೀಲಿ ಬೆರೆಸಿದ ನೀರು ತುಂಬಿ ಬಾಗಿಲ ಮುಂದೆ ಇಟ್ಟರೆ ನಾಯಿ ಹತ್ತಿರ ಬರುವುದಿಲ್ಲವಂತೆ. ನಾನು ನಕ್ಕೆ. ಆದರೂ ಪರೀಕ್ಷೆ ಮಾಡದೆ ಯಾವುದನ್ನೂ ತಳ್ಳಿಹಾಕಬಾರದೆಂದು ಗೇಟಿನ ಎಡಕ್ಕೆ ಬಾಟ್ಲಿ ಇಟ್ಟೆ, ಬಲಕ್ಕೆ ಇಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಓಣಿಯ ಯಾವುದೋ ನಾಯಿ ನೇರವಾಗಿ ಬಾಟ್ಲಿಯ ಮೇಲೇ ಕಾಲೆತ್ತಿ ಹೋಗಿತ್ತು. ನಾನು ಗೆದ್ದೆ ಎಂದುಕೊಂಡೆ. "ನೋಡ್ರಿ, ಮನಿ ಒಳಗ ಬರಲಿಲ್ಲ ಹೌದಿಲ್ಲ?" ಎಂದರು ಅತ್ತೆ ಫೋನಿನಲ್ಲಿ. ವಿಜ್ಞಾನಕ್ಕೆ ಅಲ್ಲಿಗೇ ಮೊದಲ ಪೆಟ್ಟು.

ತರಬೇತಿಯ ಮೊದಲ ದಿನ ನಾಯಿಯ ಬಾಲದ ಭಾಷೆ. ಗೌರಿಯ ಜೊತೆಗೆ ಓಣಿಯ ಇನ್ನಷ್ಟು ಮಕ್ಕಳೂ ಪಡಸಾಲೆಯಲ್ಲಿ ಕೂತಿದ್ದರು. ಬಾಲವಿಲ್ಲದೆ ಬಾಲದ ಪಾಠ ಹೇಳುವುದು ಹೇಗೆ? ಟಾವೆಲ್ ಒಂದನ್ನು ಹಿಂದೆ ಪ್ಯಾಂಟಿಗೆ ಸಿಕ್ಕಿಸಿಕೊಂಡೆ. ಬಾಲ ಸೆಟೆದು ನಿಂತರೆ ಹುಷಾರಾಗಿರಬೇಕು, ಕಾಲೊಳಗೆ ಹೋದರೆ ಅದಕ್ಕೇ ಹೆದರಿಕೆ, ಹೆದರಿದ ನಾಯಿಯೂ ಕಚ್ಚುತ್ತದೆ, ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಅದು ಗೆಳೆಯನಲ್ಲ ಎಂದು ನಾಲ್ಕು ಕಾಲಿನ ಮೇಲೆ ನಿಂತು, ಸೊಂಟ ತಿರುಗಿಸಿ ತೋರಿಸುತ್ತಿದ್ದೆ. ಅದೇ ಹೊತ್ತಿಗೆ ಸುವರ್ಣಾ ತನ್ನ ಅವ್ವನಿಗೆ ವಿಡಿಯೋ ಕಾಲ್ ಮಾಡುತ್ತ ಪಡಸಾಲೆಗೆ ಬಂದಳು.

ಫೋನಿನೊಳಗಿಂದ ಅತ್ತೆಯ ಧ್ವನಿ ಸಣ್ಣಗೆ ಕೇಳಿಸಿತು.

"ಸುವರ್ಣಾ... ಅಳಿಯಾರಿಗೆ ಆರಾಮ ಐತಿಲ್ಲವಾ?"

"ಆರಾಮ ಅದಾರ ಬೇ. ಪಾಠಾ ಹೇಳಾಕತ್ತಾರ."

"ಕೂಸಿನ್ನ ಲಗೂನ ಇಲ್ಲಿಗಿ ಕಳಸ" ಎಂದರು ಅತ್ತೆ. ಗೌರಿಯ ವರ್ಗಾವಣೆಗೆ ಹೊಸದೊಂದು ಕಾರಣ ಸೇರಿತು!

ಎರಡನೆಯ ಪಾಠಕ್ಕೆ ನಿಜವಾದ ನಾಯಿಯೇ ಇರಲಿ ಎಂದು ಪಕ್ಕದ ಮನೆಯವರ ರಾಜಾನನ್ನು ಕರೆತಂದೆ. ರಾಜಾ ಬಿಳಿ ಕೂದಲಿನ, ಗುಂಡಗಿನ ನಾಯಿ. ಬೇರೆಯವರ ನಾಯಿಯನ್ನು ಮುಟ್ಟುವ ಮುಂಚೆ ಯಜಮಾನರನ್ನು ಕೇಳಬೇಕು, ಮಲಗಿದ ನಾಯಿಯನ್ನೂ ಉಣ್ಣುವ ನಾಯಿಯನ್ನೂ ಮರಿ ಇರುವ ನಾಯಿಯನ್ನೂ ಕೆಣಕಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು ಎಂದೆಲ್ಲ ಮಕ್ಕಳಿಗೆ ಹೇಳಿದೆ. ಅಷ್ಟರಲ್ಲಿ ರಾಜಾ ಕಾಲು ಮೇಲೆತ್ತಿ ಅಂಗಾತ ಮಲಗಿ ನಿದ್ದೆ ಹೋದ. ಎಬ್ಬಿಸೋಣವೆಂದರೆ, ಮಲಗಿದ ನಾಯಿಯನ್ನು ಮುಟ್ಟಬಾರದೆಂದು ಈಗಷ್ಟೇ ಹೇಳಿದ್ದೇನೆ! ಮಕ್ಕಳು, ನಾನು, ಎಲ್ಲರೂ ಸುತ್ತ ಕೂತು ರಾಜಾ ಏಳುವುದನ್ನು ಕಾದೆವು. ಸಂಜೆಯಾಯಿತು.

"ಸರ, ಇದು ಸತ್ತೈತೇನ್ರಿ?" ಎಂದ ಒಬ್ಬ ಹುಡುಗ.

ಆಗಲೇ ನನಗೆ ಆ ದೊಡ್ಡ ವಿಚಾರ ಹೊಳೆದದ್ದು. ನನಗೆ ಬೇಕಾದದ್ದು ಹೇಳಿದ ಹಾಗೆ ಕೇಳುವ ನಾಯಿ. ಬೊಗಳು ಎಂದರೆ ಬೊಗಳಬೇಕು, ನಿಲ್ಲಿಸು ಎಂದರೆ ನಿಲ್ಲಿಸಬೇಕು, ಕಚ್ಚಲೇಬಾರದು. ಅಂಥ ನಾಯಿ ನಮ್ಮ ಊರಲ್ಲಿ ಒಂದೇ ಇತ್ತು. ನಮ್ಮ ಮಲ್ಲಪ್ಪ ಕಾಕಾ!

ತಪ್ಪು ತಿಳಿಯಬೇಡಿ. ಮಲ್ಲಪ್ಪ ಕಾಕಾ ವಗ್ಗಯ್ಯ. ಅಂದರೆ ಮೈಲಾರಲಿಂಗನ ನಾಯಿ ತಾನು ಎಂಬ ಭಾವದಲ್ಲಿ ದೀಕ್ಷೆ ಪಡೆದ ಭಕ್ತ. ಮನೆಗಳಲ್ಲಿ ಆ ದೇವರ ಕಾರ್ಯವಾದಾಗ ಕಾಕಾ ಕರಿ ಕಂಬಳಿ ಹೊದ್ದು, ಸೊಂಟಕ್ಕೆ ಗಂಟೆ ಕಟ್ಟಿಕೊಂಡು ಬರುತ್ತಾರೆ. ಉದ್ದನೆಯ ಮರದ ಬಟ್ಟಲೊಂದಿರುತ್ತದೆ, ಅದಕ್ಕೆ ದೋಣಿ ಎನ್ನುತ್ತಾರೆ. ಅದರಲ್ಲಿ ಹಾಲು, ಬಾಳೆಹಣ್ಣು, ಬೆಲ್ಲ, ಚಪಾತಿ ತುಂಬಿಸಿ ಇಟ್ಟರೆ ಕಾಕಾ ಮೊಣಕಾಲೂರಿ, ನಾಯಿಯಂತೆ ಬೊಗಳಿ, ಬಾಯಿಂದಲೇ ಪ್ರಸಾದ ಸ್ವೀಕರಿಸುತ್ತಾರೆ. ಅವರ ಬೊಗಳು ಕೇಳಿ ತೊಟ್ಟಿಲಲ್ಲಿ ಮಲಗಿದ ಕೂಸು ಎದ್ದು ಕೂಡುತ್ತದೆ ಎಂದು ಊರಲ್ಲಿ ಖ್ಯಾತಿ.

ಅವರ ಮನೆಯ ಕಟ್ಟೆಗೆ ಹೋಗಿ ಕೂತೆ. "ಕಾಕಾ, ಮಕ್ಕಳ ಮುಂದ ಒಂಚೂರು ಬೊಗಳಬೇಕ್ರಿ."

ಕಾಕಾ ಎಲೆ ಜಗಿಯುವುದನ್ನು ನಿಲ್ಲಿಸಿದರು. "ನಾಟಕಾ ಮಾಡಂತೀರೇನ್ ಮಾಸ್ತರ?"

"ನಾಟಕ ಅಲ್ರಿ, ಶಿಕ್ಷಣ."

"ಎರಡೂ ಒಂದ. ನಾ ಅಂವನ ಹೆಸರೀಲೆ ಬೊಗಳಾಂವ. ಮಂದಿ ಹೇಳಿದ್ರ ಬೊಗಳೂದಿಲ್ಲ."

ಗೌರಿಯ ವಿಷಯ ಹೇಳಿದೆ. ಸೋಮವಾರದೊಳಗೆ ಅವಳ ಹೆದರಿಕೆ ಹೋಗದಿದ್ದರೆ ಬಾಗೇವಾಡಿಗೆ ಕಳಿಸುತ್ತಾರೆ ಎಂದೆ. ಕಾಕಾ ಮೆತ್ತಗಾದರು. ಗೌರಿ ಸಣ್ಣವಳಿದ್ದಾಗ ಅವರ ಕಂಬಳಿಯ ಮೇಲೆಯೇ ಆಡಿದವಳು.

"ಕೂಸು ಹೆದರೇತಿ ಅಂದ್ರ ಬ್ಯಾರೆ ಮಾತು. ರವಿವಾರ ಬರ್ತೇನಿ, ಅದು ಅಂವನ ವಾರ. ಆದ್ರ ದೋಣಿ ತುಂಬಸಬೇಕು. ದೋಣಿ ತುಂಬಸಲಾರದ ನನ್ನ ಬಾಯಾಗ ಬೊಗಳು ಹೊರಡೂದಿಲ್ಲ."

"ಆತ್ರಿ, ತುಂಬಸೋಣ."

"ಎಂಥಾ ನಾಯಿ ಬೇಕು ಹೇಳ್ರಿ. ಹೊಲಾ ಕಾಯೂದೋ, ಬ್ಯಾಟಿ ಆಡೂದೋ, ಮರಿ ಹಾಕಿದ್ದೋ?"

ಮೂರಕ್ಕೂ ಬೊಗಳು ಬೇರೆ ಬೇರೆ ಎಂದು ನನಗೆ ಎಂ.ಎಸ್ಸಿ.ಯಲ್ಲಿ ಯಾರೂ ಹೇಳಿರಲಿಲ್ಲ. "ಮರಿ ಹಾಕಿದ್ದು" ಎಂದೆ.

"ಅದು ಭಾಳ ಬಿರಸ ಇರತೈತಿ ನೋಡ್ರಿ. ಆಮ್ಯಾಲ ನನಗ ಅನ್ನಬ್ಯಾಡ್ರಿ."

ಮನೆಗೆ ಬಂದು ಸುವರ್ಣಾಳಿಗೆ ಚಪಾತಿ ಮಾಡಲು ಹೇಳಿದೆ. ಅವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಮನಿಯಾಗ ದೀಪಾ ಹಚ್ಚಂದ್ರ ಬೆಳಕು ಐತಲ್ಲಾ ಅಂತೀರಿ. ಈಗ ದೋಣಿ ತುಂಬಸ್ತೀರಿ?"

"ಇದು ಪೂಜೆಯಲ್ಲ. ಬೋಧನೋಪಕರಣ" ಎಂದೆ ಗಂಭೀರವಾಗಿ.

ರವಿವಾರ ಬೆಳಿಗ್ಗೆ ಹಣಮಪ್ಪನ ಗುಡಿಯ ಮುಂದಿನ ಬಯಲಿನಲ್ಲಿ ಓಣಿಯ ಮಕ್ಕಳೆಲ್ಲ ಕೂಡಿದರು. ಗಿರಣಿ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ಮಕ್ಕಳ ಹಿಂದೆ ಅವರ ಅವ್ವಂದಿರು, ಅವರ ಹಿಂದೆ ಕೆಲಸವಿಲ್ಲದ ಗಂಡಸರು. ಪಾಠವನ್ನು ಮುಂದಿನ ಪೀಳಿಗೆಗೆ ಉಳಿಸಲೆಂದು ನನ್ನ ಫೋನನ್ನು ಸುವರ್ಣಾಳ ಕೈಗೆ ಕೊಟ್ಟು ವಿಡಿಯೋ ಮಾಡಲು ಹೇಳಿದೆ.

ಮಲ್ಲಪ್ಪ ಕಾಕಾ ಕಂಬಳಿ ಹೊದ್ದು ಬಂದರು. ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ತೆಗೆದು ನನ್ನ ಹಣೆಗೆ ಉದ್ದಕ್ಕೂ ಬಳಿದರು. ಬೇಡವೆನ್ನಲು ಬಾಯಿ ತೆರೆದೆ, ಬಾಯಿಗೂ ಒಂದಿಷ್ಟು ಬಿತ್ತು. ತುಂಬಿದ ದೋಣಿಯನ್ನು ನನ್ನ ಎರಡೂ ಕೈಗಳಲ್ಲಿ ಇಟ್ಟರು.

"ಮಾಸ್ತರ, ಒಂದ ಮಾತು. ನಾ ಬಂದು ಬಾಯಿ ಹಚ್ಚೂತನಕಾ ಇದನ್ನ ನೆಲಕ್ಕ ಇಡಬ್ಯಾಡ್ರಿ. ಏನ ಆಗ್ಲಿ, ಇಡಬ್ಯಾಡ್ರಿ."

"ಇಡೂದಿಲ್ರಿ."

ಕಾಕಾ ತಯಾರಾಗಲು ಗುಡಿಯ ಹಿಂದೆ ಹೋದರು. ನಾನು ಮಕ್ಕಳ ಕಡೆ ತಿರುಗಿದೆ.

"ನಾಯಿ ಮೈಮೇಲೆ ಬಂದರೆ ಏನು ಮಾಡಬೇಕು? ಓಡಬಾರದು! ಓಡುವುದನ್ನು ಬೆನ್ನಟ್ಟುವುದು ನಾಯಿಯ ಸ್ವಭಾವ. ಕಿರುಚಬಾರದು. ಕಲ್ಲು ಎತ್ತಬಾರದು. ಎರಡೂ ಕೈ ಕಟ್ಟಿಕೊಂಡು, ನೆಲ ನೋಡುತ್ತ, ಗಿಡದಂತೆ ನಿಲ್ಲಬೇಕು. ಗಿಡವನ್ನು ಯಾವ ನಾಯಿಯೂ ಕಚ್ಚುವುದಿಲ್ಲ."

"ಕಾಲ ಎತ್ತತೈತ್ರಿ ಸರ!" ಎಂದ ಹಿಂದಿನ ಸಾಲಿನ ಹುಡುಗ.

ಅವ್ವಂದಿರು ನಕ್ಕರು. ಗಂಡಸರು ಶಿಳ್ಳೆ ಹೊಡೆದರು. ನಾನು ಕೆಮ್ಮಿ ಮುಂದುವರಿದೆ. ಕೆಳಗೆ ಬಿದ್ದರೆ ಕಲ್ಲಿನಂತೆ ಮುದುಡಿಕೊಂಡು ಕೈಯಿಂದ ಕಿವಿ, ಕುತ್ತಿಗೆ ಮುಚ್ಚಿಕೊಳ್ಳಬೇಕು ಎಂದೆ. ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚದೆ, ಸೋಪು ಹಾಕಿ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದು, ಮನೆಯಲ್ಲಿ ಮುಚ್ಚಿಡದೆ ಹೇಳಿ, ಅಂದೇ ದವಾಖಾನೆಗೆ ಹೋಗಬೇಕು ಎಂದೆ. ಸುವರ್ಣಾ ಹಿಂದಿನಿಂದ, "ಸಣ್ಣ ಗಾಯ ಅಂತ ಬಿಡಬ್ಯಾಡ್ರಿ ಮತ್ತ!" ಎಂದು ಕೂಗಿದಳು. ಇಷ್ಟು ಭಾಗ ವಿಡಿಯೋದಲ್ಲಿ ಸ್ಪಷ್ಟವಾಗಿದೆ.

"ಈಗ ಎಲ್ಲರೂ ಗಿಡವಾಗಿ. ನಾನು ಹೇಳುವವರೆಗೂ ಯಾರೂ ಅಲುಗಾಡಬಾರದು. ನನ್ನನ್ನೇ ನೋಡಿ ಕಲಿಯಿರಿ!"

ಮಕ್ಕಳು ಕೈ ಕಟ್ಟಿ, ತಲೆ ತಗ್ಗಿಸಿ ನಿಂತರು. ಗೌರಿ ಮೊದಲ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ನಾನು ಅವರ ಮುಂದೆ, ಗುಡಿಗೆ ಬೆನ್ನು ಮಾಡಿ, ದೋಣಿ ಹಿಡಿದು ನಿಂತೆ.

ಆಗ ಬೊಗಳು ಕೇಳಿಸಿತು.

ಕಾಕಾ ಎಚ್ಚರಿಕೆ ಕೊಟ್ಟಿದ್ದರು ಎನ್ನುವುದನ್ನು ಒಪ್ಪುತ್ತೇನೆ. ಆದರೂ ಅದು ಮನುಷ್ಯನ ಗಂಟಲಿನಿಂದ ಬಂತೆಂದು ನನ್ನ ಬೆನ್ನುಹುರಿ ಒಪ್ಪಲಿಲ್ಲ. ಅದಕ್ಕೆ ಉತ್ತರವಾಗಿ ಗಿರಣಿಯ ಕಡೆಯಿಂದ ಕೆಂಪಿ ಬೊಗಳಿತು. ಇದಂತೂ ಖಂಡಿತ ನಾಯಿ! ಮತ್ತೆ ಗುಡಿಯ ಕಡೆಯಿಂದ, ಮತ್ತೆ ಗಿರಣಿಯ ಕಡೆಯಿಂದ. ಎರಡೂ ಸೇರಿ ಹಿಂಡಾಯಿತು. ನನ್ನ ಕೈಯಲ್ಲಿ ಹಾಲು, ಬೆಲ್ಲ, ಚಪಾತಿ. ಉಣ್ಣುವ ಪದಾರ್ಥ ಹಿಡಿದು ನಾಯಿಯ ಮುಂದೆ ಹೋಗಬಾರದೆಂಬ ನಿಯಮವನ್ನು ಮಕ್ಕಳಿಗೆ ಹೇಳಲು ಮರೆತಿದ್ದೇನೆ ಎಂದು ಆ ಕ್ಷಣಕ್ಕೆ ನೆನಪಾಯಿತು. ಹಿಂದೆಯೇ ಹತ್ತಿರದಲ್ಲಿ ಏನೋ ಗುರುಗುಟ್ಟಿತು.

ಮುಂದಿನದಕ್ಕೆ ನನ್ನ ಹತ್ತಿರ ಎರಡು ನೆನಪುಗಳಿವೆ. ಮೊದಲನೆಯದರಲ್ಲಿ ನಾನು ಶಾಂತಚಿತ್ತನಾಗಿ ಪರಿಸ್ಥಿತಿಯನ್ನು ಅವಲೋಕಿಸಿ, ನಾಯಿಗಳ ಗಮನವನ್ನು ಮಕ್ಕಳಿಂದ ಬೇರೆಡೆ ಸೆಳೆಯಲು ನಿರ್ಧರಿಸಿ, ಪ್ರಾಣದ ಹಂಗು ತೊರೆದು ಓಡುತ್ತೇನೆ. ಎರಡನೆಯದರಲ್ಲಿ ಬರೀ ಓಡುತ್ತೇನೆ.

ಓಡಿದೆ! ಗುಡಿ ಬಿಟ್ಟು, ಬೇವಿನ ಗಿಡ ಬಿಟ್ಟು, ಬಟ್ಟೆ ಒಣಹಾಕಿದ ಹಗ್ಗದ ಕೆಳಗೆ ನುಸುಳಿ ಓಡಿದೆ. ಹಿಂದಿನಿಂದ ಬೊಗಳು, ಜೊತೆಗೆ ಗಂಟೆಯ ಸದ್ದು. ನಾಯಿಗೆ ಗಂಟೆ ಯಾರು ಕಟ್ಟಿದರು ಎಂದು ಯೋಚಿಸುವಷ್ಟು ವ್ಯವಧಾನ ಇರಲಿಲ್ಲ. ದೊಡ್ಡ ರಸ್ತೆಯ ಮೂಲೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ನಿಂತಿತ್ತು, ಚಾಲಕ ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದ. ಹಿಂದಿನ ಟ್ರೇಲರಿನ ಕಬ್ಬಿನ ಮೇಲೆ ಹತ್ತಿದೆ. ಕೈಯಲ್ಲಿ ದೋಣಿ ಹಿಡಿದುಕೊಂಡು ಅಷ್ಟೆತ್ತರ ಹೇಗೆ ಹತ್ತಿದೆನೋ, ಪ್ರಾಣಿಶಾಸ್ತ್ರದಲ್ಲಿ ಇದಕ್ಕೆ ವಿವರಣೆ ಇಲ್ಲ. ಮೇಲೆ ಕಬ್ಬಿನ ಸೋಗೆಯಲ್ಲಿ ಮುಖ ಹುದುಗಿಸಿ ಮಲಗಿಬಿಟ್ಟೆ.

ಸ್ವಲ್ಪ ಹೊತ್ತಾದ ಮೇಲೆ ಬಯಲಿನ ಕಡೆಯಿಂದ ಗೌರಿಯ ಧ್ವನಿ ತೇಲಿ ಬಂತು.

"ಅಪ್ಪಾ...! ಅಳ್ಳಾಡಬಹುದೇನು...?"

ಉತ್ತರ ಕೊಡಲು ತಲೆ ಎತ್ತಿದೆ. ಅಷ್ಟರಲ್ಲಿ ಟ್ರ್ಯಾಕ್ಟರ್ ಹೊರಟಿತು!

ಕೂಗಿದೆ. ಚಾಲಕನ ಹಾಡಿನ ಡಬ್ಬಿ ನನಗಿಂತ ಜೋರಾಗಿ ಕೂಗುತ್ತಿತ್ತು. ಟ್ರ್ಯಾಕ್ಟರ್ ಮೂಡಲಗಿಯ ದಾರಿ ಹಿಡಿಯಿತು. ಎದುರು ಬಂದವರೆಲ್ಲ ಕಬ್ಬಿನ ಮೇಲೆ ಭಂಡಾರ ಹಚ್ಚಿಕೊಂಡು, ದೋಣಿ ಹಿಡಿದು ಕೂತ ನನ್ನನ್ನು ನೋಡಿದರು. ಕೆಲವರು ಕೈ ಮುಗಿದರು. ನಾನೂ ಕೈ ಮುಗಿಯಬೇಕಿತ್ತು, ದೋಣಿ ಇತ್ತಲ್ಲ. ತಲೆ ಅಲ್ಲಾಡಿಸಿದೆ.

ಮೂಡಲಗಿಯ ಹತ್ತಿರ ಗಾಡಿಗಳ ಸಾಲಿನಲ್ಲಿ ಟ್ರ್ಯಾಕ್ಟರ್ ನಿಂತಾಗ ಇಳಿದೆ. ಫೋನ್ ಸುವರ್ಣಾಳ ಹತ್ತಿರ, ಪಾಕೀಟು ಮನೆಯಲ್ಲಿ. ನಾಗನೂರಿನ ಕಡೆ ಹೊರಟ ಬಸ್ಸು ಸಿಕ್ಕಿತು. ಕಂಡಕ್ಟರ್ ನನ್ನ ಹಣೆ ನೋಡಿದ, ದೋಣಿ ನೋಡಿದ, ಟಿಕೀಟು ಕೇಳದೆ ಮುಂದೆ ಹೋದ. ಪಕ್ಕದ ಸೀಟಿನ ಅಜ್ಜಿ ತನ್ನ ಕೈಚೀಲದಿಂದ ಬಾಳೆಹಣ್ಣು ತೆಗೆದು ಭಕ್ತಿಯಿಂದ ದೋಣಿಯಲ್ಲಿ ಹಾಕಿದಳು.

"ಯಪ್ಪಾ, ನನ್ನ ಮೊಮ್ಮಗ ಮೂರು ದಿವಸಾತು ನಕ್ಕಿಲ್ಲ. ಒಂದ ಸಲ ಬೊಗಳ್ರಿ."

"ಅಜ್ಜಿ, ನಾ ವಗ್ಗಯ್ಯ ಅಲ್ರಿ. ನಾ ಕಾಲೇಜಿನ್ಯಾಗ..."

"ಎಲ್ಲೆ ಇದ್ರೂ ಅಂವನ ಮಗ ಹೌದಲ್ರಿ? ಬೊಗಳ್ರಿ ನಮ್ಮಪ್ಪಾ."

ಬಸ್ಸೆಲ್ಲ ನನ್ನ ಕಡೆ ತಿರುಗಿತು. ನಾನು ಪುರಾವೆ ಇಲ್ಲದೆ ಯಾವುದನ್ನೂ ಒಪ್ಪದವನು, ಆಚರಣೆಗಳ ಬಗ್ಗೆ ಸ್ಟಾಫ್ ರೂಮಿನಲ್ಲಿ ಗಂಟೆಗಟ್ಟಲೆ ವಾದ ಮಾಡುವವನು. ಆಮೇಲೆ ಏನಾಯಿತೆಂಬ ಬಗ್ಗೆ ನನ್ನ ನೆನಪು ಮಸುಕಾಗಿದೆ. ಮೊಮ್ಮಗ ನಕ್ಕದ್ದು ಮಾತ್ರ ನೆನಪಿದೆ.

ನಾಗನೂರಿನಲ್ಲಿ ಇಳಿದು ಮನೆಗೆ ಬಂದಾಗ ಮಲ್ಲಪ್ಪ ಕಾಕಾ ನಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಕಂಬಳಿಗೆಲ್ಲ ಧೂಳು. ಸುವರ್ಣಾ ಅವರ ಮೊಣಕಾಲಿಗೆ ಮುಲಾಮು ಹಚ್ಚುತ್ತಿದ್ದಳು. ಪಾಪ, ಬೊಗಳಿ ದಣಿದಿದ್ದಾರೆ ಎಂದುಕೊಂಡೆ.

"ನೆಲಕ್ಕ ಇಟ್ಟಿಲ್ಲಲ್ರಿ?" ಎಂದರು.

"ಇಲ್ರಿ ಕಾಕಾ." ದೋಣಿ ಕೊಟ್ಟೆ. ಹಾಲು ಅರ್ಧ ಚೆಲ್ಲಿತ್ತು, ಬಾಳೆಹಣ್ಣು ಮಾತ್ರ ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಕಾಕಾ ಎಣಿಸಲಿಲ್ಲ, ಅಲ್ಲೇ ಮೊಣಕಾಲೂರಿ ಪ್ರಸಾದ ಸ್ವೀಕರಿಸಿದರು.

"ಅದೊಂದ ಛಲೋ ಮಾಡಿದ್ರಿ" ಎಂದರು.

ವಿಡಿಯೋ ನೋಡಿದೆ. ನಾನು "ನನ್ನನ್ನೇ ನೋಡಿ ಕಲಿಯಿರಿ" ಎನ್ನುವವರೆಗೆ ಸರಿಯಾಗಿದೆ. ಆಮೇಲೆ ಆಕಾಶ, ಸುವರ್ಣಾಳ ಚಪ್ಪಲಿ, ಮತ್ತೆ ಆಕಾಶ. ಮುಗಿಯುವವರೆಗೂ ಅವಳ ನಗು.

ಅಂದು ಗೌರಿಯ ಬಟ್ಟೆಗಳನ್ನು ಸುವರ್ಣಾ ಮಡಚಿ ಮಂಚದ ಮೇಲೆ ಇಟ್ಟಿದ್ದಳು, ಬಾಗೇವಾಡಿಗೆ ಬೇಕಾದೀತೆಂದು. ಆ ಮಡಿಕೆಗಳನ್ನು ನೋಡಿ ನನ್ನ ನಗೆಪಾಟಲು ನನಗೆ ಮೊದಲ ಸಲ ನಗು ತರಿಸಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೋಗಲಿಲ್ಲ. ಗೌರಿ ಪಾಟಿಚೀ‍ಲ ಹಾಕಿಕೊಂಡು ಹೊರಟಳು. ದೊಡ್ಡ ರಸ್ತೆ ಮತ್ತು ಗಿರಣಿಯ ದಾರಿ ಸೇರುವಲ್ಲಿ ಒಂದಿಷ್ಟು ಹೊತ್ತು ನಿಂತಳು. ಆಮೇಲೆ ಗಿರಣಿಯ ಕಡೆ ತಿರುಗಿದಳು. ನಾನು ಬೇವಿನ ಗಿಡದ ಮರೆಯಲ್ಲಿ ನಿಂತೆ.

ಕೆಂಪಿ ಗಿರಣಿಯ ಹಿಂದಿನಿಂದ ಬಂತು. ಬಾಲ ಸೆಟೆದಿತ್ತು. ಹಲ್ಲು ಕಾಣುತ್ತಿದ್ದವು. ನನ್ನ ಕಾಲುಗಳು ಎರಡೂ ಕಡೆ ಓಡಲು ತಯಾರಾದವು. ಅವಳ ಕಡೆಗೂ, ಮನೆಯ ಕಡೆಗೂ.

ಗೌರಿ ನಿಂತಳು. ಚೀಲದ ಪಟ್ಟಿ ಬಿಟ್ಟು ಕೈ ಕಟ್ಟಿದಳು, ತಲೆ ತಗ್ಗಿಸಿದಳು. ಅವಳ ಜಡೆಯ ರಿಬ್ಬನ್ ಒಂದೇ ಗಾಳಿಗೆ ಆಡುತ್ತಿತ್ತು. ಕೆಂಪಿ ಬೊಗಳಿತು, ಹತ್ತಿರ ಬಂತು, ಅವಳ ಲಂಗದ ಅಂಚು ಮೂಸಿತು, ಸುತ್ತ ಒಂದು ಸುತ್ತು ಹಾಕಿತು. ಈ ಗಿಡದಿಂದ ತನ್ನ ಮರಿಗಳಿಗೆ ಏನೂ ಅಪಾಯವಿಲ್ಲ ಎಂದು ಅದಕ್ಕೆ ಖಾತ್ರಿಯಾಗಿರಬೇಕು, ತಿರುಗಿ ಹೋಯಿತು. ಅದು ಗಿರಣಿಯ ಹಿಂದೆ ಮರೆಯಾದ ಮೇಲೆಯೇ ಗೌರಿ ಮೆಲ್ಲಗೆ, ಬೆನ್ನು ತೋರಿಸದೆ ನಾಲ್ಕು ಹೆಜ್ಜೆ ಸರಿದು, ಆಮೇಲೆ ಸಾಲಿಯ ಕಡೆ ನಡೆದಳು. ನಾನು ಗಿಡವನ್ನು ಅಪ್ಪಿಕೊಂಡಿದ್ದೆ ಎಂದು ಆಗ ಗೊತ್ತಾಯಿತು.

ಸಂಜೆ ಸುವರ್ಣಾ ಮಡಚಿಟ್ಟ ಬಟ್ಟೆಗಳನ್ನು ಮತ್ತೆ ಕಪಾಟಿಗೆ ಹಾಕಿದಳು. ನಾನು ಎದೆಯುಬ್ಬಿಸಿ ಗೌರಿಯನ್ನು ಕೇಳಿದೆ, "ಹೆದರಿಕೆ ಆಗಲಿಲ್ಲೇನು?"

"ಆತು. ಓಡಬೇಕು ಅನಸ್ತು. ಆಮ್ಯಾಲ ನಿನ್ನ ನೆನಪಾತು."

"ನಾ ಹೇಳಿದ ನಿಯಮಾನ?"

"ಅಲ್ಲ. ನೀ ಓಡಿದ್ದು."

ಅವರ ಸಾಲಿಯಲ್ಲೂ ಈಗ ಮಕ್ಕಳಿಗೆ ಇದೇ ನಿಯಮವಂತೆ. ನಾಯಿ ಬಂದರೆ ಸರ್ ಓಡಿದ ಹಾಗೆ ಓಡಬಾರದು. ಹೀಗೆ ಬೋಧನೋಪಕರಣ ನಾನೇ ಆದೆ.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಸಂಶಯ ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ. ಆ ದೊಡ್ಡ ಕರಿ ನಾಯಿ ಯಾರದು? ಗಂಟೆ ಕಟ್ಟಿದವರು ಯಾರು? ಆಮೇಲೊಂದು ದಿನ ಜೋಳ ಬೀಸಿಸಲು ಗಿರಣಿಗೆ ಹೋದಾಗ, ಅವತ್ತು ಕೆಂಪಿಯ ಜೊತೆ ಬಂದ ನಾಯಿಗಳು ಯಾರವು ಎಂದು ಈರಪ್ಪನವರನ್ನು ಕೇಳಿದೆ.

"ಕೆಂಪೀನ ರೀ? ರವಿವಾರ ಹುಡುಗೂರು ಕೂಡ್ತಾರ ಅಂತ ನಿಮ್ಮ ಮನಿಯವ್ರು ಹೇಳಿದ್ರು. ಮುಂಜಾನಿಂದ ಮರಿ ಸುದ್ದಾ ಗಿರಣ್ಯಾಗ ಹಾಕಿ ಕೀಲಿ ಹಾಕಿದ್ದೆ. ಒಳಗಿಂದನ ಬೊಗಳತಿತ್ತು."

"ಉಳದ ನಾಯಿಗೋಳು?"

"ಕೆಂಪಿ ಮರಿ ಹಾಕಿದಾಗಿಂದ ಆ ಬಯಲಾಗ ಮತ್ತೊಂದ ನಾಯಿ ಕಾಲ ಇಟ್ಟಿಲ್ಲರಿ ಸರ."

ಹಿಟ್ಟಿನ ಚೀಲವನ್ನು ಅಲ್ಲೇ ಬಿಟ್ಟು ಮಲ್ಲಪ್ಪ ಕಾಕಾನ ಮನೆಗೆ ಹೋದೆ. ಕರಿ ಕಂಬಳಿ ಬಿಸಿಲಿಗೆ ಹಾಕಿದ್ದರು. ಅದರ ಪಕ್ಕದಲ್ಲೇ ಸೊಂಟದ ಗಂಟೆ.

"ಕಾಕಾ, ಅವತ್ತ ನನ್ನ ಹಿಂದ ಓಡಿ ಬಂದಿದ್ದು..."

"ನಾನ ರೀ ಮಾಸ್ತರ" ಎಂದರು ಕಾಕಾ, ಇದರಲ್ಲಿ ಕೇಳುವುದೇನಿದೆ ಎನ್ನುವಂತೆ. "ನೀವು ದೋಣಿ ತಗೊಂಡು ಓಡಿದ್ರಿ. ದೋಣಿ ಬಿಟ್ಟು ಅಂವನ ನಾಯಿ ಎಲ್ಲಿಗಿ ಹೋಗಬೇಕು ಹೇಳ್ರಿ? ಟ್ರ್ಯಾಕ್ಟರ್ ಸಿಗಲಿಲ್ಲ, ಇಲ್ಲಂದ್ರ ಹಿಡೀತಿದ್ದೆ."

ಕಂಬಳಿಯ ಪಕ್ಕದ ಗಂಟೆಯನ್ನು ಎತ್ತಿ ಒಮ್ಮೆ ಅಲ್ಲಾಡಿಸಿ ನೋಡಿದೆ. ಅದೇ ಸದ್ದು. ಹೀಗಾಗಿ ಈ ಇಡೀ ಪ್ರಕರಣದಲ್ಲಿ ನಾನು ಸ್ವತಃ ಪರಿಶೀಲಿಸಿ, ಖಚಿತಪಡಿಸಿಕೊಂಡು ಹೇಳಬಹುದಾದ ಸಂಗತಿ ಒಂದೇ ಒಂದು: ಆ ರವಿವಾರ ಬಯಲಿನಲ್ಲಿ ನಾಯಿ ಇರಲಿಲ್ಲ.